ಚೀನದ ಹಳ್ಳಿಯಲ್ಲಿ ಜಾತಿಸ್ಮರೆ

ಚೀನೀ ಭಾಷೆಯಲ್ಲಿ ಈಚಿನ ಎರಡು ಮೂರು ದಶಕಗಳಿಂದ ಒಂದು ಹೊಸ ಬಗೆಯ ಕಥೆಗಳು ಹೇರಳವಾಗಿ ಹುಟ್ಟಿಕೊಂಡಿವೆ. ಅವುಗಳ ಸಂವಿಧಾನವು ಬಹುಮಟ್ಟಿಗೆ ಒಂದೇ. ಇಂದಿನ ಕಾಲದ ದೊಡ್ಡ ಪಟ್ಟಣದಲ್ಲಿ ವಿದ್ಯೆ ಕಲಿತು ಉದ್ಯೋಗದಲ್ಲಿರುವ ತರುಣಿಯೊಬ್ಬಳು ಅಪಘಾತದಿಂದಲೋ ವ್ಯಾಧಿಯಿಂದಲೋ ಅಕಾಲ ಮರಣಕ್ಕೆ ಈಡಾಗುವಳು. ಕಣ್ಣು ತೆರೆದಾಗ ತಾನು ಸಾವಿರ ವರ್ಷ ಹಿಂದಿನ ಯಾವುದೋ ಹಳ್ಳಿಯಲ್ಲಿ, ಬಡ ಒಕ್ಕಲಿಗನೊಬ್ಬನ ಹುಲ್ಲುಮಾಡಿನ ಮನೆಯಲ್ಲಿ, ಅವನ ಮಗಳ ದೇಹವನ್ನು ಧರಿಸಿ ಮಲಗಿರುವುದನ್ನು ಕಾಣುವಳು. ಒಲೆಯಲ್ಲಿ ಬೆಂಕಿಯಿಲ್ಲ, ಕಣಜದಲ್ಲಿ ಕಾಳಿಲ್ಲ, ತಮ್ಮಂದಿರು ಹಸಿದಿರುವರು, ಅಜ್ಜಿ ಬೈಯುತ್ತಿರುವಳು. ಆದರೆ ಹಿಂದಣ ಜನ್ಮದ ನೆನಪು ಮಾತ್ರ ಅಳಿದಿಲ್ಲ. ಆ ನೆನಪಿನ ಬಲದಿಂದ ಅವಳು ಸಾಬೂನು ಕಾಯಿಸಿ, ಹೊಸ ಭಕ್ಷ್ಯಗಳನ್ನು ಮಾಡಿ ಮಾರಿ, ಲೆಕ್ಕ ಬರೆದು, ಗದ್ದೆ ಕೊಂಡು, ಕೆಲವು ಸಂಪುಟಗಳೊಳಗಾಗಿ ಊರಿಗೇ ದೊಡ್ಡದಾದ ಮನೆತನವನ್ನು ಕಟ್ಟಿ ನಿಲ್ಲಿಸುವಳು. ಇವುಗಳ ಇಂಗ್ಲಿಷ್ ಭಾಷಾಂತರಗಳನ್ನು ನಮ್ಮ ಮನೆಗಳ ಹೆಣ್ಣುಮಕ್ಕಳೂ ಆಸಕ್ತಿಯಿಂದ ಓದುತ್ತಿರುವರೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು.

ವಿದ್ಯಾವಂತರು ಇಂತಹ ಕಥೆಗಳನ್ನು ಹಗುರವಾಗಿ ಕಾಣುವುದು ವಾಡಿಕೆ. ನಾನು ಹಾಗೆ ಕಾಣಲಾರೆ. ಇವುಗಳ ಹೊಟ್ಟೆಯಲ್ಲಿ ಇತಿಹಾಸದ ಪ್ರಶ್ನೆಯೊಂದು ಅಡಗಿದೆ. ಹಳೆಯ ಹಳ್ಳಿಯ ಹೆಂಗಸಿಗೆ ಇಲ್ಲದಿದ್ದುದು ಏನು? ಅರಿವೇ, ಅಥವಾ ಅರಿವಿನ ಫಲವನ್ನು ತನ್ನದೆನ್ನುವ ಅಧಿಕಾರವೇ? ಕಥೆಗಾರರು ಮೊದಲನೆಯದೆಂದು ಹಿಡಿದು ಹೊರಡುವರು. ದಾಖಲೆಗಳು ಏನು ಹೇಳುವುವೆಂಬುದನ್ನು ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಪುನರ್ಜನ್ಮದ ಮಾತು. ಪೂರ್ವಜನ್ಮದ ಸ್ಮರಣೆಯುಳ್ಳವರನ್ನು ನಮ್ಮ ಶಾಸ್ತ್ರಕಾರರು ಜಾತಿಸ್ಮರರೆಂದು ಕರೆದಿರುವರು. ಇಲ್ಲಿ ಜಾತಿಯೆಂದರೆ ಜನ್ಮ. ಬಾಣಭಟ್ಟನ ಕಾದಂಬರಿಯಲ್ಲಿ ಗಿಳಿಯೊಂದು ರಾಜಸಭೆಯಲ್ಲಿ ಕುಳಿತು ಕಥೆ ಹೇಳತೊಡಗುವುದು ಈ ಶಕ್ತಿಯ ಬಲದಿಂದಲೇ. ಪ್ರಾಚೀನ ಚೀನರಿಗೆ ಈ ಭಾವನೆ ಇರಲಿಲ್ಲ. ಮನುಷ್ಯನಲ್ಲಿ ಎರಡು ಬಗೆಯ ಜೀವಗಳಿವೆ, ಸತ್ತ ಹಿರಿಯರು ಮನೆಯವರು ಒಪ್ಪಿಸುವ ಅನ್ನಪಾನಗಳನ್ನು ಎದುರುನೋಡುತ್ತಿರುವರು ಎಂದು ಅವರು ನಂಬಿದ್ದರು. ಕ್ರಿಸ್ತಶಕದ ಮೊದಲ ಶತಮಾನದ ಹೊತ್ತಿಗೆ ಬೌದ್ಧ ಭಿಕ್ಷುಗಳೊಡನೆ ಜನ್ಮಾಂತರದ ಕಲ್ಪನೆಯು ಆ ದೇಶವನ್ನು ಹೊಕ್ಕಿತು. ಜಾತಕಕಥೆಗಳು ಮೂರನೆಯ ಶತಮಾನದಲ್ಲಿಯೇ ಚೀನೀ ಭಾಷೆಗೆ ಬಂದುವು. ಬಳಿಕ ಅಲ್ಲಿಯ ಜನರು ಅದಕ್ಕೆ ತಮ್ಮದೊಂದು ಅಲಂಕಾರವನ್ನು ಸೇರಿಸಿದರು. ಪರಲೋಕದಲ್ಲಿ ಮಂಗ್ ಎಂಬ ಮುದುಕಿಯೊಬ್ಬಳು ಕುಳಿತಿರುವಳಂತೆ. ಮರಳಿ ಹುಟ್ಟಲು ಹೊರಟ ಪ್ರತಿಯೊಂದು ಜೀವಕ್ಕೂ ಒಂದು ಬಟ್ಟಲು ಸಾರು ಕುಡಿಸುವಳಂತೆ. ಕುಡಿದವರಿಗೆ ಹಿಂದಿನದೆಲ್ಲ ಮರೆತುಹೋಗುವುದಂತೆ. ನಮ್ಮ ಕಥಾನಾಯಕಿಯು ಆ ಸಾರನ್ನು ಕುಡಿಯದೆ ಬಂದವಳೆಂದು ತಿಳಿಯೋಣ.

ಅವಳು ಎಲ್ಲಿಗೆ, ಯಾವ ಕಾಲಕ್ಕೆ ಬರಬೇಕು? ಚೀನದ ಇತಿಹಾಸವು ಸಮುದ್ರದಂತಹುದು. ಎಲ್ಲ ಕಡೆಗೂ ಕೈಹಾಕಿದರೆ ಏನೂ ಸಿಕ್ಕದು. ಯಾಂಗ್‌ತ್ಸಿ ನದಿಯ ಕೆಳದಂಡೆಯ ಭತ್ತದ ಸೀಮೆಯನ್ನು ಆರಿಸಿಕೊಳ್ಳೋಣ. ಕಾಲವು ಸುಂಗ್ ಅರಸರ ಆಳಿಕೆಯಿಂದ (960-1279) ಮಂಗೋಲರ ಯುವಾನ್ ಆಳಿಕೆಯವರೆಗೆ ಇರಲಿ. ಈ ಸೀಮೆಯನ್ನೇ ಆರಿಸಿದುದಕ್ಕೆ ಕಾರಣವು ಮುಂದೆ ತಿಳಿಯುವುದು.

ಕಥೆಯಲ್ಲಿ ಅವಳು ಹತ್ತು ಹನ್ನೆರಡು ವರ್ಷದ ಹುಡುಗಿಯ ದೇಹವನ್ನು ಹೊಗುವಳು. ಅದು ಕಥೆಗಾರನ ಜಾಣತನ. ಏಕೆಂದರೆ ಹೆಣ್ಣುಕೂಸು ಆ ವಯಸ್ಸಿನವರೆಗೆ ಬದುಕುವುದೇ ಒಂದು ದೊಡ್ಡ ಗಂಡಾಂತರವನ್ನು ದಾಟಿದಂತೆ. ಮಹಾಕವಿ ಸೂ ಷೀ 1080ರಿಂದ 1084ರವರೆಗೆ ಹ್ವಾಂಗ್‌ಚೌ ಎಂಬಲ್ಲಿ ದೇಶಭ್ರಷ್ಟನಾಗಿದ್ದಾಗ ನೆರೆಯ ಪ್ರಾಂತದ ಅಧಿಕಾರಿಗೆ ಬರೆದ ಕಾಗದವೊಂದು ಉಳಿದಿದೆ. ಆ ಸೀಮೆಯ ಬಡವರು ಎರಡು ಗಂಡು, ಒಂದು ಹೆಣ್ಣನ್ನು ಮಾತ್ರ ಸಾಕಿ, ಮಿಕ್ಕು ಹುಟ್ಟಿದುದನ್ನು, ಅದರಲ್ಲಿಯೂ ಹೆಣ್ಣನ್ನು, ಹುಟ್ಟಿದ ಕೂಡಲೇ ನೀರಿನಲ್ಲಿ ಮುಳುಗಿಸುವರೆಂದು ಕೇಳಿ ತನಗೆ ಅನ್ನ ಇಳಿಯದಾಯಿತೆಂದು ಅವನು ಅದರಲ್ಲಿ ಹೇಳಿಕೊಂಡಿರುವನು. ಕವಿಯು ಕಣ್ಣೀರಿಟ್ಟು ಸುಮ್ಮನಾಗಲಿಲ್ಲ. ಕಾನೂನನ್ನು ಊರೂರಿಗೆ ಸಾರಿಸಬೇಕೆಂದು ಅಧಿಕಾರಿಯನ್ನು ಒತ್ತಾಯಪಡಿಸಿದನು. ತಾನಿದ್ದ ಊರಿನಲ್ಲಿ ಸಿರಿವಂತರಿಂದ ವರ್ಷಕ್ಕಿಷ್ಟೆಂದು ಹಣ ಕೂಡಿಸಿ, ಕೂಸನ್ನು ಸಾಕಲಾರದ ತಾಯಂದಿರಿಗೆ ಅಕ್ಕಿ, ಬಟ್ಟೆ ಹಂಚುವ ಏರ್ಪಾಡನ್ನು ಮಾಡಿಸಿದನು. ಅವನ ಪದ್ಯಗಳಿಗಿಂತ ಈ ಕಾಗದವೇ ಮೇಲೆಂದು ನನಗೆ ಒಮ್ಮೊಮ್ಮೆ ತೋರುವುದುಂಟು.

ಬದುಕಿ ಉಳಿದವಳಿಗೆ ಹೆಸರೇನು? ಮನೆಯಲ್ಲಿ ಹಿರಿಯವಳು, ಎರಡನೆಯವಳು ಎಂದು ಎಣಿಕೆಯಿಂದ ಕರೆಯುವರು. ಸರಕಾರದ ಕಾಗದದಲ್ಲಿ ಅವಳು ವಾಂಗ್ ಮನೆತನದವಳು, ಲೀ ಮನೆತನದವಳು, ಅಷ್ಟೇ. ಮದುವೆಯಾದ ಮೇಲೂ ತಂದೆಯ ಕುಲನಾಮವು ಹೋಗದು, ಆದರೆ ಸ್ವಂತ ಹೆಸರು ಎಲ್ಲಿಯೂ ಬರುವುದಿಲ್ಲ. 734ರಲ್ಲಿ ಹೊರಟ ತಾಂಗ್ ಅರಸನ ಆಜ್ಞೆಯಂತೆ ಗಂಡಿಗೆ 15, ಹೆಣ್ಣಿಗೆ 13 ವಿವಾಹಯೋಗ್ಯ ವಯಸ್ಸು. ಸುಂಗ್ ಕಾಲದಲ್ಲಿಯೂ ಇದೇ ನಿಯಮವಿತ್ತು. ಅಲ್ಲಿಯ ಲೆಕ್ಕದಲ್ಲಿ ಹುಟ್ಟಿದ ದಿನವೇ ಕೂಸಿಗೆ ಒಂದು ವರ್ಷ.

ಪಾದಬಂಧನದ ವಿಚಾರವನ್ನು ಓದುಗರು ಕೇಳಿಯೇ ಕೇಳುವರು. 1975ರಲ್ಲಿ ಫೂಚೌ ನಗರದ ಬಳಿ ಹ್ವಾಂಗ್ ಷೆಂಗ್ ಎಂಬವಳ ಗೋರಿಯು ದೊರೆಯಿತು. 1243ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಮದುವೆಯಾದ ಸ್ವಲ್ಪ ಕಾಲಕ್ಕೆ ತೀರಿಕೊಂಡ ದೊಡ್ಡ ಮನೆತನದ ಸೊಸೆ ಅವಳು. ಅವಳೊಡನೆ ಹೂಳಿದ್ದ ರೇಷ್ಮೆಯ ಉಡುಪುಗಳೂ ಬಟ್ಟೆಗಳೂ ಕೂಡಿ ಮುನ್ನೂರಕ್ಕೆ ಮೀರಿದ್ದುವು. ಕಾಲುಗಳಿಗೆ ಪಟ್ಟಿ ಸುತ್ತಿತ್ತು. ಆದರೆ ಇದು ಆಗ್ಗೆ ಉಳ್ಳವರ ಮನೆಯ ರೂಢಿ. ಕೆಸರಿಗೆ ಇಳಿದು ಸಸಿ ನೆಡುವವಳ ಕಾಲನ್ನು ಕಟ್ಟಿದರೆ ಮನೆಯ ಅನ್ನವನ್ನೇ ಕಟ್ಟಿದಂತೆ. ಹಳ್ಳಿಹಳ್ಳಿಗೆ ಇದು ಹಬ್ಬಿದುದು ಬಹುಕಾಲದ ಮೇಲೆ; 1912ರಲ್ಲಿ ಗಣರಾಜ್ಯದ ಸರಕಾರವು ನಿಷೇಧಿಸಿದ ಬಳಿಕವೂ ಅದು ಅಳಿಯಲು ಹಲವು ವರ್ಷಗಳು ಹಿಡಿದುವು. ನಮ್ಮ ನಾಯಕಿಯು ಬಡವರ ಮನೆಯಲ್ಲಿ ಹುಟ್ಟಿದುದರಿಂದ ಈ ಒಂದು ಸಂಕಟದಿಂದ ಪಾರಾದಳೆನ್ನಬೇಕು.

ಇನ್ನು ಅವಳ ಅರಿವಿನ ಮಾತು. ಸಾಬೂನು ಮಾಡಿ ಮಾರುವೆನೆಂದು ಹೊರಟರೆ, ನಮ್ಮ ಸೀಗೆಕಾಯಿಯಂತೆ ನೊರೆ ಬಿಡುವ ಒಂದು ಜಾತಿಯ ಮರದ ಕಾಯಿಯಿಂದ ಅಲ್ಲಿಯ ಜನರು ಆಗಲೇ ಮೈಯನ್ನೂ ಬಟ್ಟೆಯನ್ನೂ ತೊಳೆಯುತ್ತಿರುವರು. ಹಾಂಗ್‌ಚೌ ಪೇಟೆಯಲ್ಲಿ ತೊಳೆಯುವ ಉಂಡೆಗಳು ಮಾರಾಟಕ್ಕೂ ಇವೆ. ಖಾರದ ಅಡಿಗೆ ಮಾಡುವೆನೆಂದರೆ ಮೆಣಸಿನಕಾಯಿ ಇಲ್ಲ. ಮೆಣಸಿನಕಾಯಿ, ಮುಸುಕಿನ ಜೋಳ, ಗೆಣಸು, ಆಲೂಗೆಡ್ಡೆ ಇವೆಲ್ಲ ಅಮೇರಿಕ ಖಂಡದವು. 1492ಕ್ಕೆ ಮೊದಲು ಅವು ಏಷ್ಯದ ಯಾವ ಅಡಿಗೆಮನೆಯನ್ನೂ ಕಂಡಿಲ್ಲ. ಒಳ್ಳೆಯ ಬಿತ್ತನೆಯ ತಳಿಯನ್ನು ತರುವೆನೆಂದರೆ ಅದೂ ಬಂದಿದೆ. 1012ರಲ್ಲಿ, ಮಳೆ ತಪ್ಪಿದ ವರ್ಷ, ಚಕ್ರವರ್ತಿ ಜೆನ್‌ಜುಂಗನು ಬೇಗ ಮಾಗುವ, ನೀರಿನ ಕೊರತೆಯನ್ನು ತಾಳುವ ಭತ್ತದ ಬೀಜವನ್ನು 30,000 ಅಳತೆಯಷ್ಟು ತರಿಸಿ ಈ ಪ್ರಾಂತಗಳ ರೈತರಿಗೆ ಹಂಚಿಸಿದನು. ಆ ಭತ್ತವು ಮೂಲದಲ್ಲಿ ಇಂದಿನ ವಿಯೆಟ್ನಾಮಿನ ಮಧ್ಯ ಮತ್ತು ದಕ್ಷಿಣ ಭಾಗಗಳಲ್ಲಿದ್ದ ಚಂಪಾ ರಾಜ್ಯದ್ದು. ಚಂಪಾ ಎಂಬ ಹೆಸರೇ ನಮ್ಮ ಸಂಸ್ಕೃತದ್ದೆಂದೂ ಆ ದೇಶದ ಅರಸರು ಸಂಸ್ಕೃತದಲ್ಲಿ ಶಾಸನಗಳನ್ನು ಕೆತ್ತಿಸುತ್ತಿದ್ದರೆಂದೂ ಇಲ್ಲಿ ನೆನೆಯುವುದು ಸಂತೋಷದ ಸಂಗತಿ.

ರೇಷ್ಮೆಯ ಕೆಲಸದಲ್ಲಂತೂ ಅವಳು ಗುರುವಾಗುವುದಿರಲಿ, ಶಿಷ್ಯಳಾಗುವುದಕ್ಕೇ ಹಲವು ವರ್ಷಗಳು ಬೇಕು. ಹಾಂಗ್‌ಚೌಗೆ ಸಮೀಪದ ಯೂಚ್ಯೆನ್ ತಾಲ್ಲೂಕಿನ ಅಧಿಕಾರಿಯಾಗಿದ್ದ ಲೌ ಷೌ ಎಂಬವನು ಸುಮಾರು 1145ರಲ್ಲಿ ಉಳುಮೆಯ 21 ಚಿತ್ರಗಳನ್ನೂ ನೆಯ್ಗೆಯ 24 ಚಿತ್ರಗಳನ್ನೂ ಬರೆದು, ಒಂದೊಂದಕ್ಕೆ ಒಂದೊಂದು ಪದ್ಯವನ್ನು ಕೂಡಿಸಿ ಚಕ್ರವರ್ತಿಗೆ ಒಪ್ಪಿಸಿದನು. ಉಳುಮೆಗಿಂತ ನೆಯ್ಗೆಗೆ ಮೂರು ಚಿತ್ರ ಹೆಚ್ಚು ಬೇಕಾದುದನ್ನು ಗಮನಿಸಬೇಕು. ಮೊಟ್ಟೆಗಳನ್ನು ನೀರಿನಲ್ಲಿ ಅದ್ದಿ ತೆಗೆಯುವುದು, ಮರಿಗಳನ್ನು ತಟ್ಟೆಗೆ ಇಳಿಸುವುದು, ಹಿಪ್ಪುನೇರಳೆ ಸೊಪ್ಪನ್ನು ಕೊಯ್ದು ತರುವುದು, ಹುಳುಗಳ ಒಂದೊಂದು ನಿದ್ರೆಯನ್ನೂ ಕಾಯುವುದು (ಇದನ್ನು ನಮ್ಮ ರೇಷ್ಮೆ ಸಾಕುವವರು ಜ್ವರವೆನ್ನುವರು), ಗೂಡು ಕಟ್ಟಿಸುವುದು, ಕುದಿಯುವ ನೀರಿನಿಂದ ಎಳೆ ಎತ್ತುವುದು, ಹಾಸು ಹೂಡುವುದು, ನೆಯ್ಯುವುದು. ಇದರಲ್ಲಿ ಬಹುಪಾಲು ಹೆಂಗಸರ ಕೈಯದೇ. ಕೋಣೆಯ ಕಾವು ಎಷ್ಟಿರಬೇಕೆಂಬುದನ್ನು ಅವರು ತಮ್ಮ ಮೈಯಿಂದಲೇ ಅಳೆಯುತ್ತಿದ್ದರು. ಹುಳು ತಿನ್ನುವ ಸದ್ದಿನಿಂದಲೇ ಅದರ ಆರೋಗ್ಯವನ್ನು ತಿಳಿಯುತ್ತಿದ್ದರು. ಇಂತಹವಳ ಮುಂದೆ ಪಟ್ಟಣದಿಂದ ಬಂದವಳ ಪುಸ್ತಕದ ವಿದ್ಯೆಯು ಎಷ್ಟರದು?

ಒಂದು ವಿಷಯದಲ್ಲಿ ಮಾತ್ರ ಅವಳ ಅರಿವು ನಿಜವಾಗಿ ಪ್ರಾಣದಾಯಕವಾದೀತು. ಅದು ಬಾಣಂತಿತನ. 1237ರಲ್ಲಿ ಚೆನ್ ಜಿಮಿಂಗ್ ಎಂಬ ವೈದ್ಯನು ಸ್ತ್ರೀಯರ ರೋಗಗಳನ್ನೇ ಕುರಿತು ದೊಡ್ಡ ಗ್ರಂಥವನ್ನು ರಚಿಸಿದನು. ಅದು ಬಹು ಪ್ರಸಿದ್ಧವಾದುದು. ಆದರೂ ಹೊಕ್ಕುಳಬಳ್ಳಿಯನ್ನು ಕೊಯ್ಯುವ ಕತ್ತಿಯನ್ನು ಕುದಿಸಬೇಕು, ಸೂಲಗಿತ್ತಿಯು ಕೈಯನ್ನು ಚೆನ್ನಾಗಿ ತೊಳೆಯಬೇಕು ಎಂಬುದರ ನಿಜವಾದ ಕಾರಣವು ಪ್ರಪಂಚಕ್ಕೆ ತಿಳಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಕಥೆಗಾರರು ಸಾಬೂನು ಮಾರಿಸುವುದಕ್ಕೆ ಬದಲು ತಮ್ಮ ನಾಯಕಿಯನ್ನು ಸೂಲಗಿತ್ತಿಯಾಗಿ ಮಾಡಿದ್ದರೆ ನಾನು ಹೆಚ್ಚು ಒಪ್ಪುತ್ತಿದ್ದೆನು.

ಹಾಗಾದರೆ ಗಳಿಸಿದ ಫಲವು ಯಾರದು? ಇದನ್ನು ತಿಳಿಯಲು ಸುಂಗ್ ಕಾಲಕ್ಕಿಂತ ಹಿಂದಕ್ಕೆ ಹೋಗಬೇಕು. ಉತ್ತರ ವೇಯ್ ಅರಸರು 485ರಲ್ಲಿ ಸರಕಾರದಿಂದ ಭೂಮಿಯನ್ನು ಹಂಚುವ ಪದ್ಧತಿಯನ್ನು ತಂದಾಗ ಗಂಡಸಿಗೆ 40 ಮೂ, ಹೆಂಗಸಿಗೆ 20 ಮೂ ಧಾನ್ಯದ ಹೊಲವೆಂದು ಗೊತ್ತುಮಾಡಿದರು. ಮೂ ಎಂಬುದು ಅಲ್ಲಿಯ ನೆಲದ ಅಳತೆ. ಅರ್ಧವಾದರೂ ಹೆಣ್ಣಿಗೆ ಅವಳ ಪಾಲೆಂಬುದೊಂದಿತ್ತು. ತಾಂಗ್ ಅರಸರ ಕಾಲಕ್ಕೆ (618-907) ಪ್ರಾಯದ ಗಂಡಸಿಗೆ 100 ಮೂ ಎಂದಾಯಿತು. ಹೆಂಗಸಿಗೆ ಏನೂ ಇಲ್ಲ. ವಿಧವೆಗೆ ಮಾತ್ರ 30 ಮೂ. ಭೂಮಿಯಿಲ್ಲದವಳಿಗೆ ತೆರಿಗೆಯೂ ಇಲ್ಲವಲ್ಲ, ಇದು ನ್ಯಾಯವೇ ಎಂದು ಯಾರಾದರೂ ಹೇಳಿಯಾರು. ಆದರೆ ತೆರಿಗೆಯ ಪಟ್ಟಿಯನ್ನು ನೋಡೋಣ. ಗಂಡಸೊಬ್ಬನು ವರ್ಷಕ್ಕೆ ಕೊಡಬೇಕಾದುದು ಎರಡು ಷೀ ಧಾನ್ಯ, 20 ದಿನದ ಬಿಟ್ಟಿ ಕೆಲಸ, ಮತ್ತು 20 ಅಡಿ ರೇಷ್ಮೆ ಬಟ್ಟೆಯೊಡನೆ ಮೂರು ಲ್ಯಾಂಗ್ ತೂಕದ ರೇಷ್ಮೆ ಅರಳೆ. ರೇಷ್ಮೆ ಇಲ್ಲದ ಸೀಮೆಯಲ್ಲಿ 25 ಅಡಿ ನಾರುಬಟ್ಟೆ. ಧಾನ್ಯವನ್ನು ಬೆಳೆದವನು ಅವನು. ಬಟ್ಟೆಯನ್ನು ನೆಯ್ದವಳು ಯಾರು? ಹೆಸರು ಗಂಡನದು, ಮಗ್ಗ ಹೆಂಡತಿಯದು. ಅರಸನ ಬೊಕ್ಕಸಕ್ಕೆ ಸೇರಿದ ಬಟ್ಟೆಯ ಸುರುಳಿಗಳೇ ಆಗ ನಾಣ್ಯದಂತೆಯೂ ನಡೆಯುತ್ತಿದ್ದುವು. ಗಡಿಯ ಸೈನಿಕರಿಗೆ ಅವುಗಳಿಂದಲೇ ಸಂಬಳ.

ಇಲ್ಲಿ ಒಂದು ವಿನೋದವೂ ಉಂಟು. ದುನ್‌ಹ್ವಾಂಗಿನ ಗುಹೆಯಲ್ಲಿ ಸಿಕ್ಕಿದ ಹಳೆಯ ಕಾಗದಗಳಲ್ಲಿ 747ನೆಯ ವರ್ಷದ ಖಾನೇಷುಮಾರಿಯ ಪಟ್ಟಿಗಳಿವೆ. ಅವುಗಳಲ್ಲಿ ಹೆಂಗಸರ ಸಂಖ್ಯೆಯು ಗಂಡಸರಿಗಿಂತ ನಂಬಲಾಗದಷ್ಟು ಹೆಚ್ಚಾಗಿದೆ. ಬಿಟ್ಟಿ ಕೆಲಸವನ್ನೂ ತೆರಿಗೆಯನ್ನೂ ತಪ್ಪಿಸಿಕೊಳ್ಳಲು ಜನರು ಪಟ್ಟಿಯಲ್ಲಿ ಹೆಂಗಸರನ್ನು ಹೆಚ್ಚು ಬರೆಯಿಸಿರಬೇಕೆಂದು ವಿದ್ವಾಂಸರು ಊಹಿಸುವರು. ಬದುಕಿನಲ್ಲಿ ಬೇಡವಾದ ಹೆಣ್ಣು ಕಾಗದದಲ್ಲಿ ಬೇಕಾದಳು. ಈ ಪದ್ಧತಿಯು 780ರಲ್ಲಿ ಕೊನೆಗಂಡು, ಆಸ್ತಿಯನ್ನು ನೋಡಿ ವರ್ಷಕ್ಕೆರಡು ಬಾರಿ ತೆರಿಗೆ ಎತ್ತುವ ಕ್ರಮವು ಬಂದಿತು. ಬಟ್ಟೆಯ ತೆರಿಗೆ ಮಾತ್ರ ಬೇರೆ ಬೇರೆ ಹೆಸರಿನಲ್ಲಿ ಉಳಿದೇ ಉಳಿಯಿತು.

ಅಕ್ಷರವಿದ್ಯೆಯಿಂದ ಏನಾದರೂ ಸಾಧ್ಯವಾದೀತೇ? ಚೀನದಲ್ಲಿ ಪಂಡಿತೆಯರಿಗೆ ಕೊರತೆಯಿರಲಿಲ್ಲ. ಹಾನ್ ವಂಶದ ಇತಿಹಾಸವನ್ನು ಅಣ್ಣನು ಅರ್ಧಕ್ಕೆ ಬಿಟ್ಟು ಸತ್ತಾಗ ಪೂರ್ತಿ ಮಾಡಿದವಳು ಬಾನ್ ಜಾವ್. ಸುಂಗ್ ಕಾಲದ ಲೀ ಚಿಂಗ್‌ಜಾವ್ (ಜನನ 1084) ಇಂದಿಗೂ ಆ ಭಾಷೆಯ ಶ್ರೇಷ್ಠ ಕವಿಗಳ ಸಾಲಿನಲ್ಲಿರುವವಳು. ಈ ಲೀ ಚಿಂಗ್‌ಜಾವ್ ತನ್ನ ವಿದ್ಯೆಯನ್ನು ಸುನ್ ಮನೆತನದ ಹತ್ತು ವರ್ಷ ಮೀರಿದ ಹುಡುಗಿಯೊಬ್ಬಳಿಗೆ ಕಲಿಸಲು ಬಯಸಿದಳು. ಕಾವ್ಯರಚನೆಯು ಹೆಂಗಸಿನ ಕೆಲಸವಲ್ಲವೆಂದು ಆ ಹುಡುಗಿಯೇ ನಿರಾಕರಿಸಿದಳು. ಈ ಸಂಗತಿಯು ನಮಗೆ ತಿಳಿದಿರುವುದು, ಆ ಹುಡುಗಿಯು ಮುಂದೆ ತೀರಿಕೊಂಡಾಗ ಅವಳ ಸಮಾಧಿಗೆಂದು ಪ್ರಶಸ್ತಿಯನ್ನು ಬರೆದ ಕವಿ ಲೂ ಯೂ ಇದನ್ನು ಅವಳ ಸದ್ಗುಣವೆಂದು ಹೊಗಳಿರುವುದರಿಂದ. ನಾನು ನಲವತ್ತು ವರ್ಷಗಳ ಸಮೀಪ ಪಾಠ ಹೇಳಿದವನು; ಕಲಿಯಲಾರದ ಮಕ್ಕಳನ್ನು ಕಂಡು ಇಷ್ಟು ಖೇದವಾದುದಿಲ್ಲ. ಮಹಾಕವಿಯು ತಾನಾಗಿ ಕರೆದು ಕೊಡುವೆನೆಂದ ವಿದ್ಯೆಯನ್ನು ಹತ್ತು ವರ್ಷದ ಕೂಸು ಬೇಡವೆನ್ನಬೇಕಾದರೆ, ಅದಕ್ಕೆ ಮೊದಲೇ ಅದರ ಕಿವಿಗೆ ಎಷ್ಟು ಪಾಠಗಳಾಗಿರಬೇಕು! ಇದು ದೊಡ್ಡವರ ಮನೆಯ ಮಾತು. ಹಳ್ಳಿಯಲ್ಲಿ ಕಲಿಸುವವರೂ ಇಲ್ಲ, ನಿರಾಕರಿಸುವ ಸಂದರ್ಭವೂ ಇಲ್ಲ.

ಇಷ್ಟಾದ ಮೇಲೆ, ದೂರದಿಂದ ಹೊಸ ಅರಿವನ್ನು ಹೊತ್ತು ಹಳ್ಳಿಗೆ ಬಂದು ಅದರ ಬಾಳನ್ನೇ ಬದಲಾಯಿಸಿದ ಹೆಂಗಸು ಎಂಬುದು ಬರಿಯ ಕಟ್ಟುಕಥೆಯೆಂದು ವಾಚಕರು ತಿಳಿದಾರು. ಹಾಗಲ್ಲ. ಅಂತಹವಳೊಬ್ಬಳು ನಿಜವಾಗಿಯೂ ಇದ್ದಳು. ಈ ಸೀಮೆಯನ್ನು ನಾನು ಆರಿಸಿಕೊಂಡುದು ಅವಳಿಗಾಗಿಯೇ.

ಇಂದು ಷಾಂಘೈ ಮಹಾನಗರದೊಳಗೆ ಸೇರಿಹೋಗಿರುವ ವೂನೀಜಿಂಗ್ ಎಂಬ ಊರು ಆಗ್ಗೆ ಸುಂಗ್‌ಜ್ಯಾಂಗ್ ಪ್ರಾಂತಕ್ಕೆ ಸೇರಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಆ ಸೀಮೆಯಲ್ಲಿ ನೆಲೆಸಿದ್ದ ತಾವ್ ಜುಂಗ್‌ಯೀ ಎಂಬ ಪಂಡಿತನು ತನ್ನ ಟಿಪ್ಪಣಿಗಳ ಗ್ರಂಥದಲ್ಲಿ ಬರೆದಿಟ್ಟಿರುವನು: ಆ ಊರಿನ ನೆಲವು ಸಾರವಿಲ್ಲದುದು, ಜನಕ್ಕೆ ಹೊಟ್ಟೆಗೆ ಸಾಲದು, ಅದಕ್ಕಾಗಿ ದಕ್ಷಿಣದಿಂದ ಹತ್ತಿಯ ಬೀಜವನ್ನು ತಂದು ಬಿತ್ತಿದರು. ಆದರೆ ಹತ್ತಿಯನ್ನು ಬೆಳೆದರಾಯಿತೇ? ಬೀಜ ಬಿಡಿಸುವ ಯಂತ್ರವಿಲ್ಲ, ಹಿಂಜುವ ಒಳ್ಳೆಯ ಬಿಲ್ಲಿಲ್ಲ. ಬೆರಳಿನಿಂದ ಒಂದೊಂದಾಗಿ ಬೀಜಗಳನ್ನು ಕಿತ್ತು, ಸಣ್ಣ ಬಿಲ್ಲನ್ನು ಹಲಗೆಯ ಮೇಲಿಟ್ಟು ಮೀಟಿ ಅರಳೆ ಮಾಡುತ್ತಿದ್ದರು; ಪಡುವ ಪಾಡು ಬಹಳ, ಬರುವ ನೂಲು ಅಲ್ಪ.

ಯುವಾನ್ ಆಳಿಕೆಯ ಮೊದಲಲ್ಲಿ ಹ್ವಾಂಗ್ ದಾವ್‌ಪೋ ಎಂಬ ಮುದುಕಿಯು ಅಲ್ಲಿಗೆ ಬಂದಳು. ವಾಂಗ್ ಫೆಂಗ್ ಎಂಬ ಅದೇ ಶತಮಾನದ ಕವಿಯು ಹೇಳುವ ಪ್ರಕಾರ ಅವಳು ಆ ಊರಿನವಳೇ. ಎಳವೆಯಲ್ಲಿ ದುರ್ದೆಸೆಗೆ ಸಿಕ್ಕಿ ಯಾಚೌಗೆ ಹೋಗಿಬಿದ್ದವಳು. 1295ರಿಂದ 1297ರ ಅವಧಿಯಲ್ಲಿ ಸಮುದ್ರದ ಹಡಗೊಂದು ಸಿಕ್ಕಿ ಮರಳಿದವಳು. ಯಾಚೌ ಎಂದರೆ ಹೈನಾನ್ ದ್ವೀಪದ ತೆಂಕಣ ತುದಿ. ಅರಸರು ತಮಗಾಗದ ಮಂತ್ರಿಗಳನ್ನು ಅಟ್ಟುತ್ತಿದ್ದ, ಭೂಮಿ ಮುಗಿಯಿತೆನ್ನುವ ಸ್ಥಳವದು. ಅವಳು ಬಾಲವಧುವಾಗಿದ್ದಳೆಂದೂ, ಅತ್ತೆಯ ಕಾಟವನ್ನು ತಾಳಲಾರದೆ ಮಾಡಿಗೆ ಕನ್ನ ಕೊರೆದು ಓಡಿ ಹಡಗಿನಲ್ಲಿ ಅಡಗಿಕೊಂಡಳೆಂದೂ ಈಗ ಮಕ್ಕಳ ಪುಸ್ತಕಗಳಲ್ಲಿಯೂ ಬರೆಯುವರು. ಹಳೆಯ ಈ ಎರಡು ದಾಖಲೆಗಳಲ್ಲಿ ಅದರ ಸುಳಿವಿಲ್ಲ. ಅದು ಬಹಳ ಈಚಿನ ಕಲ್ಪನೆ. ಅವಳು ಅಲ್ಲಿಗೆ ಹೋದುದರ ವಿಷಯದಲ್ಲಿ ದಾಖಲೆ ಹೇಳುವುದು ದುರ್ದೆಸೆಯೆಂಬ ಒಂದು ಮಾತನ್ನು ಮಾತ್ರ. ನನಗೆ ಆ ಒಂದು ಮಾತೇ ಸಾಕೆನಿಸುವುದು.

ಹೈನಾನಿನ ಲೀ ಎಂಬ ಬುಡಕಟ್ಟಿನ ಹೆಂಗಸರು ಹತ್ತಿಯ ನೂಲುವಿಕೆ, ನೆಯ್ಗೆ, ಬಣ್ಣಗಾರಿಕೆಗಳಲ್ಲಿ ಬಹುಕಾಲದಿಂದ ನಿಪುಣರು. ಈ ಹತ್ತಿಯ ಹಿಂದಿನ ಕಥೆ ನಮಗೂ ಸಂಬಂಧಿಸಿದುದು. ಮರಹತ್ತಿಯ ಮೂಲ ನೆಲೆ ಭರತಖಂಡ. ಇಲ್ಲಿಂದ ಅದು ಆಗ್ನೇಯದ ದೇಶಗಳ ದಾರಿಯಾಗಿ ದಕ್ಷಿಣ ಚೀನವನ್ನು ಸೇರಿತು. ಹಳೆಯ ಚೀನೀ ಗ್ರಂಥಗಳು ಹತ್ತಿಗೆ ಬಳಸುವ ಜೀಬೇಯ್ ಎಂಬ ಶಬ್ದವು ಮಲಯಭಾಷೆಯ ಕಾಪಸ್ ಎಂಬುದರ ಮೂಲಕ ನಮ್ಮ ಕಾರ್ಪಾಸ ಶಬ್ದದಿಂದಲೇ ಬಂದುದೆಂದು ಭಾಷಾತಜ್ಞರು ಹೇಳುವರು. ಚೀನದಿಂದ ಬಂದ ರೇಷ್ಮೆಗೆ ನಾವು ಚೀನಾಂಶುಕವೆಂದು ಹೆಸರಿಟ್ಟೆವು; ಅವರು ಹತ್ತಿಗೆ ನಮ್ಮ ಹೆಸರನ್ನೇ ಇಟ್ಟುಕೊಂಡರು. ಸಾಲ ತೀರಿತೆನ್ನಬಹುದು.

ದಾವ್‌ಪೋ ಊರಿಗೆ ಬಂದು ಮಾಡಿದುದೇನು? ತಾವ್ ಜುಂಗ್‌ಯೀ ಹೇಳುವಂತೆ, ಬೀಜ ಬಿಡಿಸುವುದು, ಹಿಂಜುವುದು, ನೂಲುವುದು, ನೆಯ್ಯುವುದು ಇವುಗಳಿಗೆ ಬೇಕಾದ ಉಪಕರಣಗಳನ್ನು ಮಾಡುವ ಕ್ರಮವನ್ನು ಕಲಿಸಿದಳು. ಬಣ್ಣದ ನೂಲುಗಳನ್ನು ಹೊಂದಿಸಿ ಹೊದಿಕೆ, ವಸ್ತ್ರಗಳಲ್ಲಿ ಮುರಿದ ಹೂರೆಂಬೆ, ಸುತ್ತಿ ಕುಳಿತ ಹಕ್ಕಿ, ಪಗಡೆಹಾಸಿನ ಚೌಕ, ಅಕ್ಷರ ಇವುಗಳನ್ನು ಬರೆದ ಚಿತ್ರದಂತೆ ನೆಯ್ಯುವುದನ್ನು ತೋರಿಸಿದಳು. ಯಂತ್ರವು ಹೇಗಿತ್ತೆಂಬುದನ್ನು 1313ರ ವಾಂಗ್ ಜೆನ್ ಎಂಬವನ ಕೃಷಿಗ್ರಂಥದಿಂದ ಊಹಿಸಬಹುದು. ಒಂದರ ಮೇಲೊಂದಿರುವ ಎರಡು ಉರುಳೆಗಳು; ಇಬ್ಬರು ತಿರುಗಿಸುವರು, ಒಬ್ಬರು ಹತ್ತಿಯನ್ನು ಒಡ್ಡುವರು; ಅರಳೆ ಆಚೆಗೆ, ಬೀಜ ಈಚೆಗೆ. ಇಂತಹ ಉರುಳೆಯ ಯಂತ್ರವನ್ನು ನಮ್ಮ ದೇಶದವರೂ ಬಲ್ಲರು. ಮೂರು ಕದಿರುಗಳ, ಕಾಲಿನಿಂದ ತುಳಿಯುವ ರಾಟೆಯೂ ಆ ಗ್ರಂಥದಲ್ಲಿದೆ. ಅದನ್ನೂ ದಾವ್‌ಪೋ ತಂದಳೆಂಬುದು ಜನರ ನಂಬಿಕೆ, ತಾವ್ ಅದನ್ನು ಹೇಳಿಲ್ಲ. ಕಾಲು ತುಳಿದರೆ ಕೈಗಳೆರಡೂ ಬಿಡುವಾಗಿ ಒಮ್ಮೆಗೆ ಮೂರು ಎಳೆ ನೂಲು ಬರುವುದು. ಹಂಜಿ ಹಿಡಿದು ರಾಟೆಯ ಮುಂದೆ ಕುಳಿತು ಬಲ್ಲವರಿಗೆ ಇದು ಎಂತಹ ಲಾಭವೆಂಬುದನ್ನು ವಿವರಿಸಬೇಕಾಗಿಲ್ಲ.

ವಾಂಗ್ ಫೆಂಗನು ಇನ್ನೊಂದು ವಿಷಯವನ್ನು ತಿಳಿಸಿರುವನು. ಅವಳು ತಾನೇ ನೂತು, ಯಾಚೌ ಮಾದರಿಯ ಹೊದಿಕೆಗಳನ್ನು ನೆಯ್ದು ಹೊಟ್ಟೆ ಹೊರೆದುಕೊಂಡಳು. ಬೇರೆ ಮನೆಗಳ ಹೆಂಗಸರಿಗೆ ಬೇಸರವಿಲ್ಲದೆ ಕಲಿಸಿದಳು. ಸ್ವಲ್ಪ ಕಾಲದೊಳಗೆ ವೂನೀಜಿಂಗಿನ ಹೊದಿಕೆಗಳ ಹೆಸರು ದೇಶದಲ್ಲೆಲ್ಲ ಹರಡಿ ಸಾವಿರಕ್ಕೂ ಹೆಚ್ಚು ಸಂಸಾರಗಳು ಆ ಕಸುಬಿನಿಂದ ಉಣ್ಣುವಂತಾಯಿತು. ಈಗಿನ ಕಥೆಗಳ ನಾಯಕಿಯೂ ಇವಳೂ ಬೇರೆಯಾಗುವುದು ಇಲ್ಲಿಯೇ. ಆಕೆಯು ತನ್ನ ಗುಟ್ಟನ್ನು ಕಾಪಾಡಿಕೊಂಡು ಸಿರಿವಂತಳಾಗುವಳು. ಈಕೆಯು ಗುಟ್ಟನ್ನು ಊರಿಗೆಲ್ಲ ಕೊಟ್ಟು ತಾನು ಹೊದಿಕೆ ನೆಯ್ದುಕೊಂಡಿದ್ದಳು. ಗದ್ದೆ ಕೊಂಡಳೆಂದು ಯಾರೂ ಬರೆದಿಲ್ಲ.

ಆ ಸಾವಿರ ಸಂಸಾರಗಳ ಗಳಿಕೆಯ ಮೇಲೆ ಅರಮನೆಯ ಕಣ್ಣು ಬೀಳದೆ ಇರಲಿಲ್ಲ. ಅವಳು ಬರುವುದಕ್ಕೆ ಮೊದಲೇ, 1289ರಲ್ಲಿ, ಮಂಗೋಲ ಸರಕಾರವು ದಕ್ಷಿಣದ ಐದು ಪ್ರಾಂತಗಳಲ್ಲಿ ಹತ್ತಿಯ ಕಚೇರಿಗಳನ್ನು ತೆರೆದು ವರ್ಷಕ್ಕೆ 1,00,000 ಸುರುಳಿ ಬಟ್ಟೆಯನ್ನು ಒಪ್ಪಿಸಬೇಕೆಂದು ಕಟ್ಟುಮಾಡಿತ್ತು. ಅವನ್ನು 1291ರಲ್ಲಿ ಮುಚ್ಚಿದರೂ 1296ರಲ್ಲಿ ಹತ್ತಿಯನ್ನು ಬೇಸಗೆಯ ತೆರಿಗೆಯ ಪಟ್ಟಿಗೆ ಸೇರಿಸಲಾಯಿತು. ಸ್ತ್ರೀಧನದ ವಿಷಯದಲ್ಲಿಯೂ ಇದೇ ಕಾಲದಲ್ಲಿ ಗಂಟು ಬಿಗಿಯಾಯಿತು. ಸುಂಗ್ ಕಾಲದಲ್ಲಿ ವಿಧವೆಯು ಮರುಮದುವೆಯಾದರೆ ತಾನು ತವರಿನಿಂದ ತಂದುದನ್ನು ತನ್ನೊಡನೆ ಕೊಂಡೊಯ್ಯುವುದುಂಟು. 1303ರಲ್ಲಿ ಹೊರಟ ಆಜ್ಞೆಯು ಅದು ಗಂಡನ ಮನೆಯಲ್ಲಿಯೇ ಉಳಿಯತಕ್ಕದ್ದೆಂದು ವಿಧಿಸಿತು. ವೂನೀಜಿಂಗಿನ ಹೆಂಗಸರು ಹೊಸ ರಾಟೆಯಲ್ಲಿ ನೂಲುತ್ತಿದ್ದ ವರ್ಷಗಳೇ ಇವು.

ಮುನ್ನೂರು ವರ್ಷಗಳ ಮೇಲೆ ಅದೇ ಸೀಮೆಯಲ್ಲಿ ಹುಟ್ಟಿದ ಮಹಾಪಂಡಿತ ಷೂ ಗ್ವಾಂಗ್‌ಚಿಯು ತನ್ನ ಕೃಷಿಗ್ರಂಥದಲ್ಲಿ (ಅವನು ತೀರಿಕೊಂಡ ಬಳಿಕ 1639ರಲ್ಲಿ ಅಚ್ಚಾದುದು) ಸುಂಗ್‌ಜ್ಯಾಂಗಿನ ತೆರಿಗೆಯ ಭಾರವನ್ನು ವರ್ಣಿಸಿರುವನು. ಸುಂಗ್ ಕಾಲಕ್ಕಿಂತ ಅದು ಹತ್ತು ಪಟ್ಟು ಹೆಚ್ಚಾಗಿತ್ತಂತೆ. ಇಷ್ಟನ್ನೂ ತೆತ್ತು ಆ ಸೀಮೆಯು ಮುನ್ನೂರು ವರ್ಷ ಉಸಿರಾಡಿಕೊಂಡಿರುವುದಕ್ಕೆ ಭೂಮಿಯು ಕಾರಣವಲ್ಲ, ಒಂದು ಮಗ್ಗ, ಒಂದು ಲಾಳಿ ಮಾತ್ರವೇ ಕಾರಣವೆಂದು ಅವನ ನಿರ್ಣಯ. ತಾಂಗ್ ಕಾಲದ ಇಪ್ಪತ್ತು ಅಡಿ ರೇಷ್ಮೆಯು ರೂಪು ಬದಲಾಯಿಸಿ ಹತ್ತಿಯ ಸುರುಳಿಯಾಗಿತ್ತು. ಹೊಸ ಅರಿವು ಬಂದುದರಿಂದ ಮನೆಗೆ ಅನ್ನ ಬಂದುದು ನಿಜ. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಹೆಂಗಸರ ಕೈಯೊಳಗಿನ ದುಡ್ಡು ಮನೆಯಲ್ಲಿ ಅವರ ಮಾತಿಗೆ ಸ್ವಲ್ಪ ತೂಕವನ್ನೂ ತಂದಿರಬಹುದು. ಆದರೆ ದೀಪವಿಟ್ಟುಕೊಂಡು ನಡುರಾತ್ರಿಯವರೆಗೆ ನೂತುದರಲ್ಲಿ ದೊಡ್ಡ ಪಾಲು ಅರಮನೆಯ ಉಗ್ರಾಣಕ್ಕೆ ಹೋಯಿತೆಂಬುದೂ ಅಷ್ಟೇ ನಿಜ.

ಅವಳು ಸತ್ತಾಗ ಊರಿನವರೆಲ್ಲ ಅತ್ತು, ಎಲ್ಲರೂ ಸೇರಿ ಮಣ್ಣುಮಾಡಿದರೆಂದೂ, ಗುಡಿಯೊಂದನ್ನು ಕಟ್ಟಿ ವರ್ಷವರ್ಷವೂ ಪೂಜೆಯನ್ನು ಸಲ್ಲಿಸುತ್ತಿದ್ದರೆಂದೂ ತಾವ್ ಜುಂಗ್‌ಯೀ ಬರೆದಿರುವನು. ಮೂವತ್ತು ವರ್ಷಗಳಲ್ಲಿ ಗುಡಿ ಬಿದ್ದುಹೋಯಿತು. ಜಾವ್ ಎಂಬ ಊರವನೊಬ್ಬನು ಮತ್ತೆ ಕಟ್ಟಿಸಿದನು. ಅದೂ ಬಿದ್ದಿತು, ಅವಳ ಹೆಸರು ದಿನದಿನಕ್ಕೆ ಮರೆಯಾಗುತ್ತಿದೆಯೆಂದು ತಾವ್ ಮರುಗಿರುವನು. 1362ರಲ್ಲಿ ಜಾಂಗ್ ಷೌಜುಂಗ್ ಎಂಬವನು ಪುನಃ ಗುಡಿಯನ್ನು ನಿಲ್ಲಿಸಿದನು. ವಾಂಗ್ ಫೆಂಗನ ಪದ್ಯ ಹುಟ್ಟಿದುದು ಆ ಗುಡಿಗಾಗಿ. ಆಮೇಲೆಯೂ ಬೀಳುವುದು, ಕಟ್ಟುವುದು ನಡೆದೇ ಬಂದಿತು. 1980ರಲ್ಲಿ ಚೀನದ ಅಂಚೆಯವರು ಪ್ರಾಚೀನ ವಿಜ್ಞಾನಿಗಳ ಸ್ಮರಣೆಗಾಗಿ ಹೊರಡಿಸಿದ ಅಂಚೆಚೀಟಿಗಳಲ್ಲಿ ಷೂ ಗ್ವಾಂಗ್‌ಚಿಗೆ ಒಂದು, ಅವಳಿಗೆ ಒಂದು ಮೀಸಲಾದುವು. ವೂನೀಜಿಂಗಿನ ಕೈನೂಲಿನ ವಿದ್ಯೆಯು 2006ರಲ್ಲಿ ಆ ದೇಶದ ಸಂರಕ್ಷಿತ ಪರಂಪರೆಗಳ ಪಟ್ಟಿಯನ್ನು ಸೇರಿತು; ಲೀ ಹೆಂಗಸರ ನೆಯ್ಗೆಯು 2009ರಲ್ಲಿ ಯುನೆಸ್ಕೋ ಸಂಸ್ಥೆಯ ಪಟ್ಟಿಗೆ ಬಂದಿತು.

ಹ್ವಾಂಗ್ ಎಂಬುದು ಕುಲನಾಮ. ದಾವ್‌ಪೋ ಎಂದರೆ ಗುಡಿಯ ಸೇವೆ ಮಾಡುವ ಮುದುಕಿ, ಭಕ್ತೆ ಎಂಬಷ್ಟೇ ಅರ್ಥ. ಹುಟ್ಟಿದಾಗ ತಾಯಿ ಕರೆದ ಹೆಸರು ತಾವ್ ಜುಂಗ್‌ಯೀಯ ಗ್ರಂಥದಲ್ಲಿ ಇಲ್ಲ, ವಾಂಗ್ ಫೆಂಗನ ಪದ್ಯದಲ್ಲಿ ಇಲ್ಲ. ಅಂಚೆಚೀಟಿಯ ಮೇಲೆ ಅಚ್ಚಾಗಿರುವುದೂ ಆ ಮೂರು ಅಕ್ಷರಗಳೇ.